ಹನ್ನೆರಡು ಹೆಂಗಸರು, ಹನ್ನೆರಡು ರುಚಿ: ಪಾಡ್‌ಕಾಸ್ಟ್ ಆರಿಸುವುದು ಹೇಗೆ?

ಪ್ರಶ್ನೆ: ಹಾಸನದ ನಮ್ಮ ಬಡಾವಣೆಯಲ್ಲಿ ಹನ್ನೆರಡು ಹೆಂಗಸರ ಒಂದು ಗುಂಪಿದೆ. ಭಾನುವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಮೊದಲು ಪುಸ್ತಕ ಓದಿ ಮಾತಾಡುತ್ತಿದ್ದೆವು. ಪುರುಸೊತ್ತಿಲ್ಲ ಅಂತ ಅರ್ಧಕ್ಕರ್ಧ ಜನ ಓದದೇ ಬರಲು ಶುರು ಮಾಡಿದರು. ಅದಕ್ಕೇ ಪಾಡ್‌ಕಾಸ್ಟ್, ಅಂದರೆ ಫೋನಿನಲ್ಲಿ ಬೇಕಾದಾಗ ಕೇಳಬಹುದಾದ ರೇಡಿಯೊದಂಥ ಕಾರ್ಯಕ್ರಮ, ಕೇಳೋಣ ಅಂದುಕೊಂಡೆವು. 'ಮಹಿಳೆಯರಿಗಾಗಿ ಒಳ್ಳೆಯ ಪಾಡ್‌ಕಾಸ್ಟ್' ಅಂತ ಹುಡುಕಿ, ಸಿಕ್ಕಿದ ನಾಲ್ಕೈದನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಯಾರೂ ಕೇಳಲಿಲ್ಲ. ನಮ್ಮಲ್ಲಿ ಎಪ್ಪತ್ತು ದಾಟಿದ ನಿವೃತ್ತ ಟೀಚರ್ ಇದ್ದಾರೆ. ಬ್ಯಾಂಕಿನಲ್ಲಿ ಕೆಲಸ ಮಾಡುವವರಿದ್ದಾರೆ, ಮನೆಯಲ್ಲೇ ಬಟ್ಟೆ ಹೊಲಿಯುವವರಿದ್ದಾರೆ, ಎಂಜಿನಿಯರಿಂಗ್ ಓದುವ ಹುಡುಗಿ ಇದ್ದಾಳೆ, ಸಕಲೇಶಪುರದ ಕಡೆ ಕಾಫಿ ತೋಟ ನೋಡಿಕೊಳ್ಳುವವರೂ ಇದ್ದಾರೆ. ಐದಾರು ಜನಕ್ಕೆ ಇಂಗ್ಲಿಷ್ ಕೇಳಿ ಅಭ್ಯಾಸವಿಲ್ಲ. ಎಲ್ಲರಿಗೂ ಹಿಡಿಸುವಂಥದ್ದನ್ನು ಹೇಗೆ ಆರಿಸಲಿ?

ಉತ್ತರ: ಎಲ್ಲರಿಗೂ ಹಿಡಿಸುವ ಒಂದು ಪಾಡ್‌ಕಾಸ್ಟ್ ಸಿಗುವುದಿಲ್ಲ. ಅದನ್ನು ಹುಡುಕುವುದನ್ನು ಇವತ್ತೇ ಬಿಟ್ಟುಬಿಡಿ. ನಿಮ್ಮವರು ಕೇಳದೇ ಇದ್ದದ್ದಕ್ಕೆ ಸೋಮಾರಿತನ ಕಾರಣ ಅಂತ ನನಗನ್ನಿಸುವುದಿಲ್ಲ. ನೀವು ಹುಡುಕಿದ ರೀತಿಯೇ ಅವರಲ್ಲಿ ಯಾರಿಗೂ ಹೊಂದುವಂಥದ್ದಲ್ಲ. ಹೆಂಗಸಾಗಿರುವುದು ಒಂದು ಆಸಕ್ತಿಯಲ್ಲ. 'ಗಂಡಸರಿಗಾಗಿ ಒಳ್ಳೆಯ ಪಾಡ್‌ಕಾಸ್ಟ್' ಅಂತ ಹುಡುಕಿ, ಸಿಕ್ಕಿದ್ದನ್ನು ನಿಮ್ಮ ಯಜಮಾನರಿಗೂ ಹಾಲು ಹಾಕುವವರಿಗೂ ಪಕ್ಕದ ಮನೆಯ ಕಾಲೇಜು ಹುಡುಗನಿಗೂ ಕಳಿಸುತ್ತೀರಾ? ಇಲ್ಲ ಅಲ್ವಾ.

ಆ ಪಟ್ಟಿಗಳಲ್ಲಿ ಏನಿತ್ತು ಅಂತ ನೀವು ಬರೆದಿಲ್ಲ, ಆದರೂ ಊಹಿಸಬಲ್ಲೆ. ಚರ್ಮದ ಆರೈಕೆ, ಬಸಿರು-ಬಾಣಂತನ, ಮಕ್ಕಳನ್ನು ಬೆಳೆಸುವುದು, ಮನೆ-ಆಫೀಸು ಎರಡನ್ನೂ ತೂಗಿಸುವುದು, ಜೊತೆಗೆ ಒಂದಿಷ್ಟು 'ನಿನ್ನಿಂದ ಆಗುತ್ತೆ, ಎದ್ದೇಳು' ಅನ್ನುವ ಹುರುಪಿನ ಮಾತು. ಇವು ಕೆಟ್ಟವೇನಲ್ಲ. ಬಾಣಂತಿಗೆ ಬಾಣಂತನದ ಪಾಡ್‌ಕಾಸ್ಟ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆದರೆ ನಿಮ್ಮ ಟೀಚರ್ ಅದನ್ನು ಯಾಕೆ ಕೇಳಬೇಕು? ಕ್ರೀಮು, ಡಯಾಪರ್ ಮಾರುವವರಿಗೆ ಯಾವ ಕೇಳುಗರು ಬೇಕೋ ಆ ಕೇಳುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ ಕಾರ್ಯಕ್ರಮಗಳೇ ಅಲ್ಲಿ ಜಾಸ್ತಿ ಕಾಣುತ್ತವೆ.

ರೇಡಿಯೊದವರಿಗೆ ಈ ಪಾಠ ಹಳೆಯದು. ಬಿಬಿಸಿಯ 'ವುಮನ್ಸ್ ಅವರ್' ಶುರುವಾದದ್ದು 1946ರ ಅಕ್ಟೋಬರ್‌ನಲ್ಲಿ. ಮೊದಲು ಅದನ್ನು ನಡೆಸಿಕೊಟ್ಟವರು ಅಲನ್ ಐವಿಮಿ ಎಂಬ ಗಂಡಸು! ಆ ಏರ್ಪಾಡು ಬಹಳ ಕಾಲ ನಡೆಯಲಿಲ್ಲ. ಆ ಕಾರ್ಯಕ್ರಮ ಮಾತ್ರ ಇವತ್ತಿಗೂ ಬರುತ್ತದೆ, ಪಾಡ್‌ಕಾಸ್ಟ್ ಆಗಿಯೂ ಸಿಗುತ್ತದೆ. ಅದು ಇಷ್ಟು ವರ್ಷ ಉಳಿದದ್ದಕ್ಕೆ ಕಾರಣ ಅಡುಗೆ, ಅಲಂಕಾರ ಅಲ್ಲ. ಕಾನೂನು, ರಾಜಕೀಯ, ಜೈಲು, ಆಟ, ಕಾದಂಬರಿ, ಕಾಯಿಲೆ ಎಲ್ಲಕ್ಕೂ ಅಲ್ಲಿ ಜಾಗವಿದೆ. ನಮ್ಮ ಆಕಾಶವಾಣಿಯ 'ವನಿತಾ ವಿಹಾರ' ಕೇಳಿ ಬೆಳೆದವರಿಗೂ ಇದು ಗೊತ್ತು. ನಾನೂ ರೇಡಿಯೊದಲ್ಲಿ ಹೆಂಗಸರ ಕಾರ್ಯಕ್ರಮ ಮಾಡಿದವಳು. ಬರುತ್ತಿದ್ದ ಪತ್ರಗಳಲ್ಲಿ ಉಪ್ಪಿನಕಾಯಿ ಇರುತ್ತಿತ್ತು ನಿಜ. ಅದಕ್ಕಿಂತ ಜಾಸ್ತಿ ಇರುತ್ತಿದ್ದದ್ದು ತವರಿನ ಆಸ್ತಿಯ ಪಾಲು, ವಿಧವಾ ವೇತನ, ಮಗಳ ಹಾಸ್ಟೆಲ್ ಸೀಟು. ಜೊತೆಗೆ 'ಹೋದ ವಾರದ ನಾಟಕ ಇನ್ನೊಮ್ಮೆ ಹಾಕಿ' ಅನ್ನುವ ಕೋರಿಕೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಮುಂದಿನ ಭಾನುವಾರ ಪಾಡ್‌ಕಾಸ್ಟ್ ಹಾಕಬೇಡಿ. ಒಬ್ಬೊಬ್ಬರಿಗೂ ಎರಡು ಪ್ರಶ್ನೆ ಕೇಳಿ, ಉತ್ತರ ಬರೆದುಕೊಳ್ಳಿ. ಒಂದು, ದಿನದಲ್ಲಿ ನಿಮ್ಮ ಕಿವಿ ಯಾವಾಗ ಬಿಡುವಾಗಿರುತ್ತದೆ, ಆಗ ಕೈ ಏನು ಮಾಡುತ್ತಿರುತ್ತದೆ? ಎರಡು, ಈಚೆಗೆ ಯಾವ ವಿಷಯ ಹಿಡಿದು ಯಾರ ಜೊತೆಗಾದರೂ ಹೊತ್ತು ಹೋದದ್ದೇ ಗೊತ್ತಾಗದ ಹಾಗೆ ಮಾತಾಡಿದಿರಿ? 'ನಿಮ್ಮ ಆಸಕ್ತಿ ಏನು' ಅಂತ ಮಾತ್ರ ಕೇಳಬೇಡಿ. ಹಾಗೆ ಕೇಳಿದರೆ ಎಲ್ಲರೂ 'ಓದು, ಸಂಗೀತ' ಅಂದುಬಿಡುತ್ತಾರೆ. ಎರಡನೆಯ ಪ್ರಶ್ನೆಗೆ ನಿಜವಾದ ಉತ್ತರ ಬರುತ್ತದೆ: ನಾದಿನಿಯ ವಿಚ್ಛೇದನ, ಆನೆ ತೋಟಕ್ಕೆ ನುಗ್ಗಿದ್ದು, ಸ್ಮೃತಿ ಮಂಧಾನ, ಚಿನ್ನದ ರೇಟು.

ಮೊದಲ ಪ್ರಶ್ನೆಯನ್ನು ಹಗುರವಾಗಿ ತಗೋಬೇಡಿ. ನನ್ನ ಅನುಭವದಲ್ಲಿ ವಿಷಯ ಹಿಡಿಸದೆ ಪಾಡ್‌ಕಾಸ್ಟ್ ಬಿಟ್ಟವರಿಗಿಂತ, ಹೊತ್ತಿಗೆ ಹೊಂದದೆ ಬಿಟ್ಟವರೇ ಜಾಸ್ತಿ. ನಿಮ್ಮ ಗುಂಪಿನ ಹೊಲಿಯುವವರನ್ನೇ ನೋಡಿ. ಅವರಿಗೆ ದಿನಕ್ಕೆ ನಾಲ್ಕೈದು ಗಂಟೆ ಕಿವಿ ಬಿಡುವಿರಬಹುದು. ಇಡೀ ಗುಂಪಿನಲ್ಲಿ ಅತಿ ಹೆಚ್ಚು ಕೇಳಬಲ್ಲವರು ಅವರೇ. ಆದರೆ ಮಿಷನ್ ಓಡುವಾಗ ಗಡಗಡ ಸದ್ದು ಇರುತ್ತದೆ. ಆ ಸದ್ದಿನಲ್ಲಿ ಮೂವರು ನಾಲ್ವರು ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು ನಗುವ ಹರಟೆ ಕೇಳಿಸುವುದಿಲ್ಲ. ಕುಪ್ಪಸದ ಕತ್ತು ತಿರುಗಿಸುವಾಗ ಗಮನ ಬಟ್ಟೆಯ ಮೇಲಿರುತ್ತದೆ. ಆ ಎರಡು ನಿಮಿಷದಲ್ಲಿ ಮುಖ್ಯ ಮಾತು ಹೋಗಿಬಿಟ್ಟರೆ ಮುಂದಿನದು ತಲೆಬುಡ ತಿಳಿಯದು. ಅವರಿಗೆ ಬೇಕಾದದ್ದು ಒಂದೇ ದನಿ, ಬಿಡಿಸಿ ಹೇಳುವ ಕತೆ, ಎರಡು ನಿಮಿಷ ತಪ್ಪಿದರೂ ಎಳೆ ಸಿಗುವಂಥದ್ದು. ಕನ್ನಡದ ಕತೆ-ಕಾದಂಬರಿ ಓದಿ ಹೇಳುವ ಆಡಿಯೊಗಳು ಇದಕ್ಕೆ ಸರಿಯಾಗಿ ಹೊಂದುತ್ತವೆ. ಕತೆ ಬರೆಯುವವರ, ಓದುವವರ ಆ್ಯಪ್ ಪ್ರತಿಲಿಪಿಯಲ್ಲಿ ಹುಡುಕಿ. 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಜಾಗದಲ್ಲಿ ಬರೆಯುವ ಹೆಂಗಸರ ಸಂಖ್ಯೆಯೇ ದೊಡ್ಡದು. ಆಡಿಯೊ ಪುಸ್ತಕಗಳ ಆ್ಯಪ್ ಸ್ಟೋರಿಟೆಲ್‌ನಲ್ಲೂ ಕನ್ನಡ ಪುಸ್ತಕಗಳಿವೆ, ಅದಕ್ಕೆ ದುಡ್ಡು ಕಟ್ಟಬೇಕು. ಇನ್ನೊಂದು ಮಾತು: ಇಯರ್‌ಫೋನ್ ಒಂದೇ ಕಿವಿಗೆ ಹಾಕಿಕೊಳ್ಳಲು ಹೇಳಿ. ಬಾಗಿಲಿಗೆ ಗಿರಾಕಿ ಬಂದು ಕೂಗಿದರೆ ಕೇಳಿಸಬೇಕಲ್ಲ.

ಅಡುಗೆಮನೆಯ ಕತೆ ಬೇರೆ. ಕುಕ್ಕರ್ ಸೀಟಿ, ಮಿಕ್ಸಿ, ಮಧ್ಯೆ ಒಂದು ಫೋನು. ಅಲ್ಲಿ ಹದಿನೈದು-ಇಪ್ಪತ್ತು ನಿಮಿಷ ಮೀರಿದ್ದು ನಿಲ್ಲುವುದಿಲ್ಲ. ಕಾರಿನಲ್ಲಿ ಒಬ್ಬರೇ ಹಾಸನದಿಂದ ಸಕಲೇಶಪುರಕ್ಕೆ ಹೋಗಿಬರುವ ನಿಮ್ಮ ತೋಟದವರಿಗೆ ಇದರ ತದ್ವಿರುದ್ಧ. ಇಪ್ಪತ್ತು ನಿಮಿಷದ್ದು ಅವರಿಗೆ ಬಾಳ್ಳುಪೇಟೆ ದಾಟುವುದರೊಳಗೆ ಮುಗಿದಿರುತ್ತದೆ. ಇಂಗ್ಲಿಷ್ ಆದೀತು ಅಂದರೆ ಅಮಿತ್ ವರ್ಮಾ ಅವರ 'ದಿ ಸೀನ್ ಆ್ಯಂಡ್ ದಿ ಅನ್‌ಸೀನ್' ಕೊಡಿ. ಒಂದೊಂದು ಮಾತುಕತೆ ಮೂರು, ನಾಲ್ಕು, ಕೆಲವೊಮ್ಮೆ ಅದಕ್ಕೂ ಹೆಚ್ಚು ಗಂಟೆ ನಡೆಯುತ್ತದೆ. ಕೇಳಿ ಹೆದರಬೇಡಿ, ಅದನ್ನು ಯಾರೂ ಒಂದೇ ಸಲಕ್ಕೆ ಮುಗಿಸುವುದಿಲ್ಲ. ಬಂದ ಅತಿಥಿಯ ಬಾಲ್ಯದಿಂದ ಶುರು ಮಾಡಿ ನಿಧಾನಕ್ಕೆ ವಿಷಯಕ್ಕೆ ಬರುತ್ತಾರೆ. ಲೇಖಕಿಯರು, ಅರ್ಥಶಾಸ್ತ್ರ ಬಲ್ಲವರು, ಪತ್ರಕರ್ತೆಯರು ತುಂಬ ಜನ ಬಂದುಹೋಗಿದ್ದಾರೆ. ಘಟ್ಟದ ಕಡೆ ಸಿಗ್ನಲ್ ಕೈಕೊಡುತ್ತದೆ, ಹಾಗಾಗಿ ರಾತ್ರಿಯೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಲಿ.

ಟೀಚರಮ್ಮನಿಗೆ ನಾನು ಕಣ್ಣುಮುಚ್ಚಿ ಹೇಳುವುದು 'ವೈಸರ್ ದ್ಯಾನ್ ಮಿ'. ಇಂಗ್ಲಿಷ್‌ನದು, ಆದರೆ ನಿಧಾನದ ಮಾತು. ಅಮೆರಿಕದ ನಟಿ ಜೂಲಿಯಾ ಲೂಯಿ-ಡ್ರೈಫಸ್ 2023ರಲ್ಲಿ ಶುರು ಮಾಡಿದ್ದು. ತನಗಿಂತ ಹಿರಿಯ ಹೆಂಗಸರನ್ನು ಮಾತ್ರ ಕರೆಸುತ್ತಾರೆ. ಮೊದಲ ಅತಿಥಿ ಹಾಲಿವುಡ್‌ನ ಹಿರಿಯ ನಟಿ ಜೇನ್ ಫೋಂಡಾ. ನಿಮ್ಮ ವಯಸ್ಸೆಷ್ಟು, ಒಳಗೆ ಎಷ್ಟು ಅನ್ನಿಸುತ್ತದೆ ಅಂತ ಮೊದಲೇ ನೇರವಾಗಿ ಕೇಳಿಬಿಡುತ್ತಾರೆ. ಮುದುಕಿಯರನ್ನು ಮುದ್ದು ಮಾಡುವ ದನಿಯಲ್ಲಿ ಮಾತಾಡುವುದಿಲ್ಲ, ಅದೇ ಅದರ ಚೆಂದ. ಮಾತು ಮುಗಿದ ಮೇಲೆ ಜೂಲಿಯಾ ತಮ್ಮ ತಾಯಿಗೆ ಫೋನ್ ಮಾಡಿ, ಇವತ್ತು ಇಂಥವರ ಜೊತೆ ಮಾತಾಡಿದೆ ಅಂತ ಹೇಳುತ್ತಾರೆ. ಅಮ್ಮ-ಮಗಳ ಆ ಕೊನೆಯ ಐದಾರು ನಿಮಿಷವನ್ನೇ ಕಾದು ಕೇಳುವವರಿದ್ದಾರೆ. ನಿಮ್ಮ ಗುಂಪಿನಲ್ಲಿ ಒಂದು ಸಲ ಆ ತುಣುಕನ್ನು ಮಾತ್ರ ಹಾಕಿ ನೋಡಿ.

ಬ್ಯಾಂಕಿನವರಿಗೆ ಹಣಕಾಸಿನ ಪಾಡ್‌ಕಾಸ್ಟ್ ಕಳಿಸಿದ್ದೀರೇನೋ ಅಂತ ನನಗೆ ಅನುಮಾನ. ವಾರವಿಡೀ ಸಾಲದ ಫೈಲು ನೋಡಿದವರಿಗೆ ಭಾನುವಾರವೂ ಬಡ್ಡಿಯ ಮಾತು ಬೇಡವಾಗಿರಬಹುದು. ಕೆಲಸವೂ ಆಸಕ್ತಿಯೂ ಒಂದೇ ಅಲ್ಲ. ಮೋಸದ ಕತೆಗಳು ಅವರಿಗೆ ಹಿಡಿಸಬಹುದು, ಯಾಕೆಂದರೆ ಲೆಕ್ಕ ಎಲ್ಲಿ ತಪ್ಪಿತು ಅಂತ ಅವರಿಗೆ ಮೊದಲೇ ವಾಸನೆ ಹೊಡೆಯುತ್ತದೆ. ಅಮೆರಿಕದ ಎಬಿಸಿಯ ಪತ್ರಕರ್ತೆ ರೆಬೆಕಾ ಜಾರ್ವಿಸ್ 2019ರಲ್ಲಿ ಮಾಡಿದ 'ದಿ ಡ್ರಾಪೌಟ್' ಅಂಥದ್ದು. ಒಂದೆರಡು ಹನಿ ರಕ್ತದಲ್ಲಿ ಹತ್ತಾರು ಪರೀಕ್ಷೆ ಮಾಡುತ್ತೇವೆ ಅಂತ ಹೇಳಿ ಕೋಟಿಗಟ್ಟಲೆ ಬಂಡವಾಳ ಎತ್ತಿದ ಎಲಿಜಬೆತ್ ಹೋಮ್ಸ್ ಅವರ ಕತೆ. 2022ರಲ್ಲಿ ಅವರ ಅಪರಾಧ ಸಾಬೀತಾಗಿ ಹನ್ನೊಂದು ವರ್ಷಕ್ಕೂ ಹೆಚ್ಚಿನ ಜೈಲು ಶಿಕ್ಷೆಯಾಯಿತು. ಹೆಂಗಸರ ಸಾಧನೆಯ ಕತೆಗಳೇ ತುಂಬಿರುವ ಪಟ್ಟಿಗಳಲ್ಲಿ ಇಂಥದ್ದೂ ಒಂದು ಇರಲಿ ಅನ್ನುವುದು ನನ್ನ ಅಭಿಪ್ರಾಯ.

ಹಣದ ವಿಷಯ ಬೇಕು ಅನ್ನುವ ಬೇರೆಯವರು ಗುಂಪಿನಲ್ಲಿ ಇದ್ದೇ ಇರುತ್ತಾರೆ. ಅವರಿಗೆ ಒಂದೇ ಎಚ್ಚರಿಕೆ. ಖಾತೆ ತೆರೆಯುವುದು ಹೇಗೆ, ನಾಮಿನಿ ಹಾಕಿಸುವುದು ಯಾಕೆ, ಮ್ಯೂಚುವಲ್ ಫಂಡ್ ಅಂದರೇನು ಅಂತ ತಿಳಿಸಿಕೊಡುವುದನ್ನು ಧಾರಾಳವಾಗಿ ಕೇಳಲಿ. 'ಇಂಥ ಷೇರು ತಗೊಳ್ಳಿ' ಅಂತ ಹೆಸರು ಹೇಳಿದ ತಕ್ಷಣ, ಹೇಳುವವರಿಗೆ ಷೇರುಪೇಟೆಯ ನಿಯಂತ್ರಕ ಸೆಬಿಯ ನೋಂದಣಿ ಇದೆಯೇ ಅಂತ ನೋಡಲಿ. ಹೂಡಿಕೆ ಸಲಹೆಗಾರರ ನೋಂದಣಿ ಸಂಖ್ಯೆ 'ಐಎನ್ಎ' ಅಂತ ಶುರುವಾಗುತ್ತದೆ. ಸೆಬಿಯ ವೆಬ್‌ಸೈಟಿನಲ್ಲಿ ಹೆಸರು ಹಾಕಿದರೆ ಸಿಗುತ್ತದೆ. ಸಿಗದಿದ್ದರೆ ಆ ದನಿ ಎಷ್ಟೇ ಇಂಪಾಗಿರಲಿ, ಬಂದ್ ಮಾಡಿ.

ಈಗ ನಿಮ್ಮ ಎಂಜಿನಿಯರಿಂಗ್ ಹುಡುಗಿ. ಅವಳು ನಿಮ್ಮ ಲಿಂಕ್ ಕೇಳದಿದ್ದರೂ ಬೇರೆ ಏನೋ ಕೇಳುತ್ತಿದ್ದಾಳೆ ಅಂತ ಪಣ ಕಟ್ಟುತ್ತೇನೆ. ಅದು ಕೊಲೆ, ಅಪಹರಣದ ನಿಜ ಕತೆಗಳೇ ಆಗಿರುವ ಸಾಧ್ಯತೆ ಜಾಸ್ತಿ. ಅಮ್ಮಂದಿರು ಇದಕ್ಕೆ ಗಾಬರಿಯಾಗುತ್ತಾರೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2023ರಲ್ಲಿ ಒಂದು ಸಮೀಕ್ಷೆ ಮಾಡಿತು. ಅಲ್ಲಿ ಪಾಡ್‌ಕಾಸ್ಟ್ ಕೇಳುವ ಹೆಂಗಸರಲ್ಲಿ ಶೇ 44ರಷ್ಟು ಜನ ಇಂಥ ಅಪರಾಧ ಕಥನಗಳನ್ನು ಮೇಲಿಂದ ಮೇಲೆ ಕೇಳುತ್ತಾರೆ, ಗಂಡಸರಲ್ಲಿ ಶೇ 23. ಯಾಕೆ ಹೀಗೆ? 2010ರಲ್ಲಿ ಅಮಾಂಡಾ ವಿಕರಿ, ಕ್ರಿಸ್ ಫ್ರೇಲಿ ಎಂಬ ಮನಶ್ಶಾಸ್ತ್ರಜ್ಞರು ಪುಸ್ತಕಗಳನ್ನಿಟ್ಟುಕೊಂಡು ಇದನ್ನು ಪರೀಕ್ಷಿಸಿದ್ದರು. ಬಲಿಯಾಗಬೇಕಿದ್ದವಳು ಉಪಾಯದಿಂದ ಹೇಗೆ ಪಾರಾದಳು ಅನ್ನುವ ವಿವರ ಇರುವ ಪುಸ್ತಕವನ್ನೇ ಹೆಂಗಸರು ಹೆಚ್ಚಾಗಿ ಆರಿಸಿದರು. ಸುಮ್ನೆ ರಕ್ತದ ಚಪಲ ಅಲ್ಲ ಅದು. ರಾತ್ರಿ ಬಸ್‌ಸ್ಟ್ಯಾಂಡಿನಿಂದ ಹಾಸ್ಟೆಲಿಗೆ ನಡೆಯುವ ಹುಡುಗಿಗೆ ಆ ವಿವರಗಳ ಅರ್ಥ ಬೇರೆ.

ಆದರೂ ಈ ಬಗೆಯಲ್ಲಿ ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರೆ ಮಾಡಲೇಬೇಕು. 2014ರಲ್ಲಿ ಸಾರಾ ಕೇನಿಗ್ ಮಾಡಿದ 'ಸೀರಿಯಲ್' ಈ ಜಾತಿಯ ಪಾಡ್‌ಕಾಸ್ಟ್‌ಗಳಿಗೆಲ್ಲ ದಾರಿ ಮಾಡಿಕೊಟ್ಟಿತು. 1999ರಲ್ಲಿ ಬಾಲ್ಟಿಮೋರ್‌ನಲ್ಲಿ ಕೊಲೆಯಾದ ಹೇ ಮಿನ್ ಲೀ ಎಂಬ ಶಾಲಾ ಹುಡುಗಿ, ಆ ಕೊಲೆಗೆ ಜೈಲು ಸೇರಿದ ಅವಳ ಹಿಂದಿನ ಗೆಳೆಯ ಅದ್ನಾನ್ ಸಯ್ಯದ್. ಹನ್ನೆರಡು ಕಂತು. ಕೇಳಲು ಶುರು ಮಾಡಿದರೆ ಬಿಡುವ ಹಾಗಿಲ್ಲ. ಆಮೇಲೆ ಆ ಪ್ರಕರಣ ಹಲವು ತಿರುವು ಕಂಡಿತು. 2022ರಲ್ಲಿ ಆತ ಹೊರಬಂದ, ಮರುವರ್ಷ ಆತನೇ ಅಪರಾಧಿ ಅನ್ನುವ ಹಳೆಯ ತೀರ್ಪು ಮತ್ತೆ ಊರ್ಜಿತವಾಯಿತು, 2025ರ ಮಾರ್ಚ್‌ನಲ್ಲಿ ಇಷ್ಟು ದಿನ ಅನುಭವಿಸಿದ ಶಿಕ್ಷೆಯೇ ಸಾಕು ಅಂತ ನ್ಯಾಯಾಲಯ ಹೇಳಿತು. ಇಷ್ಟರಲ್ಲಿ ಆತನ ಹೆಸರು ಎಲ್ಲರಿಗೂ ಬಾಯಿಪಾಠವಾಯಿತು. ಸತ್ತ ಹುಡುಗಿಯದು ಎಷ್ಟು ಜನಕ್ಕೆ ನೆನಪಿದೆ? ನಿಮ್ಮ ಹುಡುಗಿಗೆ ಈ ಪ್ರಶ್ನೆ ಇಟ್ಟು ಕೇಳಲು ಹೇಳಿ. ಸತ್ತವಳ ಮನೆಯವರನ್ನು ಮಾತಾಡಿಸಿದ್ದಾರೆಯೇ, ನ್ಯಾಯಾಲಯದ ಕಾಗದ ಓದಿದ್ದಾರೆಯೇ, ಕೊಲೆಯ ವಿವರ ಹೇಳುವಾಗ ನಗುತ್ತಿದ್ದಾರೆಯೇ? ಕೊನೆಯದಕ್ಕೆ ಹೌದು ಅನ್ನುವ ಉತ್ತರ ಬಂದರೆ ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ಕೋಟ್ಯಂತರ ಜನ ಕೇಳುವ ಕೆಲವು ಪಾಡ್‌ಕಾಸ್ಟ್‌ಗಳೂ ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ.

ಅವಳಿಗೆ ಬದಲಿಗೆ ಕೊಡಬಹುದಾದದ್ದು 'ಆಲಜೀಸ್'. ಆ್ಯಲಿ ವಾರ್ಡ್ 2017ರಿಂದ ನಡೆಸುತ್ತಿದ್ದಾರೆ. ಪ್ರತಿ ಕಂತಿಗೂ ಒಂದು ಶಾಸ್ತ್ರ, ಆ ಶಾಸ್ತ್ರವನ್ನೇ ಉಸಿರಾಡುವ ಒಬ್ಬರು. ಜ್ವಾಲಾಮುಖಿಯಿಂದ ಹಿಡಿದು ಜೇನುಹುಳದವರೆಗೆ. ದಡ್ಡ ಪ್ರಶ್ನೆಗಳನ್ನು ನಾಚಿಕೆಯಿಲ್ಲದೆ ಕೇಳುತ್ತಾರೆ, ಅದೇ ಆಕೆಯ ಶಕ್ತಿ. ಮಾತು ಆಗಾಗ ಪೋಲಿಯಾಗುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ 'ಸ್ಮಾಲಜೀಸ್' ಅಂತ ಬೈಗುಳ ತೆಗೆದ ಚಿಕ್ಕ ರೂಪವಿದೆ, ಅದನ್ನು ಹಾಕಿ.

ಕ್ರಿಕೆಟ್ ಹುಚ್ಚಿನವರು ಯಾರಾದರೂ ಇದ್ದಾರಾ? ಇದ್ದೇ ಇರುತ್ತಾರೆ. 2024ರಲ್ಲಿ ಆರ್‌ಸಿಬಿ ಹೆಣ್ಣುಮಕ್ಕಳು ಕಪ್ ಎತ್ತಿದಾಗ, 2025ರ ನವೆಂಬರ್‌ನಲ್ಲಿ ಭಾರತ ವಿಶ್ವಕಪ್ ಗೆದ್ದಾಗ ನಿಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರು ರಾತ್ರಿಯಿಡೀ ಮೆಸೇಜ್ ಹಾಕಿದರೋ ನೋಡಿ, ಗೊತ್ತಾಗುತ್ತದೆ. ಅವರಿಗೆ ಬಿಬಿಸಿಯ 'ನೋ ಬಾಲ್ಸ್' ಹಿಡಿಸಬಹುದು. ಇಂಗ್ಲೆಂಡಿಗೆ ಆಡಿದ ಕೇಟ್ ಕ್ರಾಸ್, ಅಲೆಕ್ಸ್ ಹಾರ್ಟ್ಲಿ ಇಬ್ಬರು ಗೆಳತಿಯರ ತಲೆಹರಟೆ. ಹೆಂಗಸರಿಗೆ ಪಾಡ್‌ಕಾಸ್ಟ್ ಅಂದಾಗ ಆಟವನ್ನು ಮರೆತೇಬಿಡುತ್ತಾರೆ ಅನ್ನುವುದು ನನ್ನ ಹಳೆಯ ತಕರಾರು.

ಆರೋಗ್ಯದ ವಿಷಯ ಬಂದರೆ ನಾನು ಜಿಪುಣಿ. ತುಂಬ ಕಡಿಮೆ ಹೆಸರು ಹೇಳುತ್ತೇನೆ. ಮುಟ್ಟು, ಮುಟ್ಟು ನಿಲ್ಲುವ ಕಾಲ, ಥೈರಾಯ್ಡ್, ಪಿಸಿಓಡಿ ಇವುಗಳ ಹೆಸರಿನಲ್ಲಿ ನಡೆಯುವ ವ್ಯಾಪಾರ ಅಷ್ಟಿಷ್ಟಲ್ಲ. ನನ್ನದು ಸುಲಭದ ಅಳತೆ: ಕೊನೆಯಲ್ಲಿ ಪುಡಿಯೋ ಗುಳಿಗೆಯೋ ಮಾರಿದರೆ ಅದು ಜಾಹೀರಾತು. ಇಂಗ್ಲಿಷ್‌ನಲ್ಲಿ ಹೆರಿಗೆ ಮತ್ತು ಸ್ತ್ರೀರೋಗ ತಜ್ಞೆ ಜೆನ್ ಗಂಟರ್ ಅವರ 'ಬಾಡಿ ಸ್ಟಫ್' ಚೆನ್ನಾಗಿದೆ. 2021ರಲ್ಲಿ ಟೆಡ್ ಹೊರತಂದದ್ದು. ಜನ ನಂಬಿಕೊಂಡು ಬಂದ ತಪ್ಪುಗಳನ್ನು ಒಂದೊಂದಾಗಿ ಬಿಡಿಸುತ್ತಾರೆ. ತೂಕ ಇಳಿಸುವ ಹುಚ್ಚಿಗೆ ಬಿದ್ದವರಿಗೆ 'ಮೇಂಟೆನೆನ್ಸ್ ಫೇಸ್' ಕೇಳಿಸಿ. ಡಯಟ್ ಹೆಸರಿನಲ್ಲಿ ಮಾರಾಟವಾದ ಸುಳ್ಳುಗಳ ಬಣ್ಣವನ್ನು ಆಬ್ರೆ ಗಾರ್ಡನ್, ಮೈಕಲ್ ಹಾಬ್ಸ್ ಇಬ್ಬರೂ ನಗುನಗುತ್ತ ಬಯಲು ಮಾಡುತ್ತಾರೆ. ಕನ್ನಡದಲ್ಲಿ ವೈದ್ಯರ ಮಾತು ಯೂಟ್ಯೂಬ್‌ನಲ್ಲಿ ರಾಶಿ ಬಿದ್ದಿದೆ. ಮಾತಾಡುವವರು ನಿಜವಾಗಿ ಯಾವ ವೈದ್ಯರು, ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಇದೆಯೇ ಅಂತ ನೋಡಿ ಮುಂದುವರಿಯಿರಿ. ಕೇಳಿದ್ದನ್ನು ನಂಬಿ ಗುಳಿಗೆ ನಿಲ್ಲಿಸುವುದು, ಶುರು ಮಾಡುವುದು ಬೇಡವೇ ಬೇಡ.

ಒಂದು ಜಾತಿಯ ಪಾಡ್‌ಕಾಸ್ಟ್ ಗುಂಪಿನಲ್ಲಿ ಹಾಕಬಾರದ್ದು. ಎಸ್ತರ್ ಪೆರೆಲ್ ಅವರ 'ವೇರ್ ಶುಡ್ ವಿ ಬಿಗಿನ್'ನಲ್ಲಿ ನಿಜವಾದ ಗಂಡ-ಹೆಂಡತಿಯರು ಹೆಸರು ಹೇಳದೆ ಆಪ್ತಸಲಹೆ ಪಡೆಯುವುದನ್ನು ಕೇಳಬಹುದು. ಬಹಳ ಒಳ್ಳೆಯದು. ಆದರೆ ಅತ್ತೆ-ಸೊಸೆ ಒಂದೇ ಸೋಫಾದಲ್ಲಿ ಕೂತು ಅದನ್ನು ಕೇಳಲಾರರು. ಒಬ್ಬರೇ ಇಯರ್‌ಫೋನ್ ಹಾಕಿಕೊಂಡು ಕೇಳಬೇಕಾದದ್ದನ್ನು ಒಬ್ಬರಿಗೇ ಕಳಿಸಿ. ಗುಂಪಿಗೆ ಹಾಕಿದರೆ 'ಇದು ಯಾರಿಗಾಗಿ ಹಾಕಿದ್ದು' ಅನ್ನುವ ಗುಸುಗುಸು ಶುರುವಾಗುತ್ತದೆ. ಫೋನು ಮನೆಯವರೆಲ್ಲ ಮುಟ್ಟುವಂಥದ್ದಾದರೆ ಇನ್ನೂ ಹುಷಾರು. ಏನು ಕೇಳಿದಿರಿ ಅನ್ನುವುದು ಆ್ಯಪ್‌ನಲ್ಲಿ ಮೇಲೇ ಕಾಣುತ್ತಿರುತ್ತದೆ.

ಇನ್ನು ಭಾಷೆ. ಕನ್ನಡದಲ್ಲಿ ಇಂಗ್ಲಿಷಿನಷ್ಟು ಬಗೆ ಇಲ್ಲ, ಒಪ್ಪುತ್ತೇನೆ. ಇರುವುದೂ ಪಾಡ್‌ಕಾಸ್ಟ್ ಆ್ಯಪ್‌ಗಳಿಗಿಂತ ಯೂಟ್ಯೂಬ್‌ನಲ್ಲಿ ಜಾಸ್ತಿ. ರ್‍ಯಾಪಿಡ್ ರಶ್ಮಿ ಅವರಂಥ ರೇಡಿಯೊದಿಂದ ಬಂದವರ ಉದ್ದದ ಸಂದರ್ಶನಗಳು ಅಲ್ಲೇ ಸಿಗುತ್ತವೆ. ವಿಜ್ಞಾನ, ಆರ್ಥಿಕತೆ, ಊರು, ಊಟ, ಸಾಹಿತ್ಯ ಎಲ್ಲ ಬೇಕು ಅನ್ನುವವರಿಗೆ ಪವನ್ ಶ್ರೀನಾಥ್, ಗಣೇಶ್ ಚಕ್ರವರ್ತಿ ಶುರು ಮಾಡಿದ 'ತಲೆ-ಹರಟೆ' ಹೇಳಿಮಾಡಿಸಿದ ಹಾಗಿದೆ. ಅದು ಹೆಂಗಸರ ಪಾಡ್‌ಕಾಸ್ಟ್ ಅಲ್ಲ, ಇಬ್ಬರು ಗಂಡಸರು ಶುರು ಮಾಡಿದ್ದು. ಅದರಿಂದೇನು? ಹಳೆಯ ಕಂತುಗಳ ಹೆಸರು ಓದುತ್ತ ಹೋಗಿ, ಹನ್ನೆರಡು ಜನರಲ್ಲಿ ಕನ್ನಡವೇ ಬೇಕು ಅನ್ನುವ ಐದಾರು ಮಂದಿಗೆ ಒಂದೊಂದಾದರೂ ಸಿಗುತ್ತದೆ. ಆಕಾಶವಾಣಿಯ ಕನ್ನಡ ಕೇಂದ್ರಗಳನ್ನು ಅದರದೇ ಆ್ಯಪ್‌ನಲ್ಲಿ ಕೇಳಬಹುದು, ಅಲ್ಲಿಯ ನಾಟಕಗಳನ್ನು ಕಡೆಗಣಿಸಬೇಡಿ.

ಕನ್ನಡದಲ್ಲಿ ಹುಡುಕುವುದಕ್ಕೆ ಒಂದು ಉಪಾಯ ಇದೆ. ವಿಷಯ ಹಾಕಬೇಡಿ, ಮನುಷ್ಯರ ಹೆಸರು ಹಾಕಿ. 'ಮಹಿಳಾ ಸಾಹಿತ್ಯ ಪಾಡ್‌ಕಾಸ್ಟ್' ಅಂದರೆ ಕಸ ಬರುತ್ತದೆ. 'ಬಾನು ಮುಷ್ತಾಕ್ ಸಂದರ್ಶನ' ಅಂತ ಹಾಕಿ ನೋಡಿ. ನಿಮ್ಮ ಹಾಸನದವರೇ, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದವರು. ಅವರನ್ನು ಮಾತಾಡಿಸಿದವರ ಸಾಲು ಸಿಗುತ್ತದೆ. ಅದರಲ್ಲಿ ಯಾರು ಪುಸ್ತಕ ಓದಿಕೊಂಡು ಬಂದಿದ್ದಾರೆ, ಯಾರು 'ಪ್ರಶಸ್ತಿ ಬಂದಾಗ ಹೇಗನ್ನಿಸಿತು' ಅಂತಷ್ಟೇ ಕೇಳಿದ್ದಾರೆ ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಓದಿಕೊಂಡು ಬಂದವರ ಉಳಿದ ಕಂತುಗಳೂ ಸಾಮಾನ್ಯವಾಗಿ ಚೆನ್ನಾಗಿರುತ್ತವೆ.

ಕಂತನ್ನು ಪರೀಕ್ಷಿಸುವುದು ಅನ್ನ ಬೆಂದಿದೆಯೇ ನೋಡಿದ ಹಾಗೆ, ಅಗುಳು ಹಿಚುಕಿದರೆ ಸಾಕು. ಆದರೆ ಅಗುಳನ್ನು ಪಾತ್ರೆಯ ನಡುವಿನಿಂದ ತೆಗೆಯಬೇಕು. ಮೊದಲ ಐದು ನಿಮಿಷವನ್ನು ಎಲ್ಲರೂ ಚೆನ್ನಾಗಿ ಮಾಡಿರುತ್ತಾರೆ. ಇಪ್ಪತ್ತನೇ ನಿಮಿಷಕ್ಕೆ ಹೋಗಿ ಐದು ನಿಮಿಷ ಕೇಳಿ. ಅತಿಥಿ ಮಾತಾಡುತ್ತಿದ್ದಾರೋ ನಿರೂಪಕರೇ ಮಾತಾಡುತ್ತಿದ್ದಾರೋ? ಉತ್ತರ ಕೇಳಿ ಮುಂದಿನ ಪ್ರಶ್ನೆ ಹುಟ್ಟಿತೋ, ಚೀಟಿಯಲ್ಲಿ ಬರೆದುಕೊಂಡ ಪ್ರಶ್ನೆಯನ್ನೇ ಓದಿದರೋ? ಒಬ್ಬರ ದನಿ ಬಾವಿಯೊಳಗಿಂದ, ಇನ್ನೊಬ್ಬರದು ಕಿವಿಯ ಪಕ್ಕದಿಂದ ಬಂದ ಹಾಗಿದ್ದರೆ ಸೌಂಡ್ ಮೇಲೆ-ಕೆಳಗೆ ಮಾಡುವುದೇ ಕೆಲಸವಾಗುತ್ತದೆ, ಬಿಡಿ. ಹೊಸ ಕಂತು ಬಂದು ಬಹಳ ದಿನವಾಗಿದೆ ಅನ್ನುವುದು ಮಾತ್ರ ದೋಷವಲ್ಲ. ಮುಗಿದ ಸರಣಿ ನಿಮ್ಮಂಥ ಗುಂಪಿಗೆ ಒಳ್ಳೆಯದೇ, ಅದಕ್ಕೆ ಕೊನೆ ಅಂತ ಒಂದಿರುತ್ತದೆ.

ಇಷ್ಟಾದ ಮೇಲೆ ಭಾನುವಾರ ಏನು ಮಾಡುವುದು? ಎಲ್ಲರೂ ಒಂದನ್ನೇ ಕೇಳಿಕೊಂಡು ಬರಬೇಕು ಅನ್ನುವ ನಿಯಮ ತೆಗೆದುಹಾಕಿ. ಪುಸ್ತಕ ಓದುವಾಗ ನಿಮ್ಮ ಗುಂಪು ಸೋತದ್ದೇ ಅಲ್ಲಿ. ವಾರಕ್ಕೆ ಇಬ್ಬರ ಸರದಿ ಇರಲಿ. ಅವರವರಿಗೆ ಇಷ್ಟವಾದದ್ದನ್ನು ಅವರವರು ಕೇಳಿ ಬರಲಿ. ಬಂದು ಹತ್ತು ನಿಮಿಷ ಕನ್ನಡದಲ್ಲಿ ಆ ಕತೆ ಹೇಳಲಿ, ಆಮೇಲೆ ಮೂರು-ನಾಲ್ಕು ನಿಮಿಷದ ಒಂದು ತುಣುಕನ್ನು ಸ್ಪೀಕರ್‌ನಲ್ಲಿ ಹಾಕಲಿ. ಯಾವ ನಿಮಿಷದಿಂದ ಯಾವ ನಿಮಿಷದವರೆಗೆ ಅಂತ ಮೊದಲೇ ಬರೆದುಕೊಂಡಿರಬೇಕು. ಇಲ್ಲದಿದ್ದರೆ ಎಳೆದು ಹುಡುಕುವುದರಲ್ಲೇ ಕಾಫಿ ತಣ್ಣಗಾಗುತ್ತದೆ. ಇಂಗ್ಲಿಷ್ ಗೊತ್ತಿಲ್ಲದವರು ಹೀಗೆ ಮಾಡಿದರೆ ಹೊರಗುಳಿಯುವುದಿಲ್ಲ. ಕ್ರಿಕೆಟ್ ಬೇಡದವರೂ ಇನ್ನೊಬ್ಬರು ಹುರುಪಿನಿಂದ ಹೇಳಿದರೆ ಕೇಳುತ್ತಾರೆ. ಹೊಲಿಯುವವರ ಸರದಿಗೆ ಅವರು ವಾರವಿಡೀ ಕೇಳಿದ ಕಾದಂಬರಿ ಬರಲಿ. ಅವರ ಬಳಿಯೇ ಸರಕು ಹೆಚ್ಚಿರುತ್ತದೆ, ನೋಡುತ್ತಿರಿ.

ಖರ್ಚಿನ ಮಾತು. ಆಡಿಯೊ ಮಾತ್ರದ ಪಾಡ್‌ಕಾಸ್ಟ್ ಒಂದು ಗಂಟೆಗೆ ಸಾಮಾನ್ಯವಾಗಿ 30ರಿಂದ 60 ಎಂಬಿ ತಿನ್ನುತ್ತದೆ. ಅದನ್ನೇ ಯೂಟ್ಯೂಬ್ ವಿಡಿಯೊದಲ್ಲಿ ಕೇಳಿದರೆ ಹಲವು ಪಟ್ಟು. ದಿನದ ಡೇಟಾ ಸಂಜೆಗೇ ಮುಗಿಯುತ್ತದೆ ಅನ್ನುವವರಿಗೆ ಇದನ್ನು ಹೇಳಿಕೊಡಿ. ಗೂಗಲ್‌ನ ಪಾಡ್‌ಕಾಸ್ಟ್ ಆ್ಯಪ್ 2024ರಲ್ಲಿ ಮುಚ್ಚಿತು, ಹಳೆಯ ಲೇಖನ ನೋಡಿ ಅದನ್ನು ಹುಡುಕಬೇಡಿ. ಆ್ಯಂಡ್ರಾಯ್ಡ್ ಫೋನಿದ್ದರೆ ಆ್ಯಂಟೆನಾಪಾಡ್ ಅನ್ನುವ ಪಾಡ್‌ಕಾಸ್ಟ್ ಆ್ಯಪ್ ಹಾಕಿಕೊಡಿ. ದುಡ್ಡಿಲ್ಲ, ಖಾತೆ ತೆರೆಯುವ ರಗಳೆಯಿಲ್ಲ. ಇಂಗ್ಲಿಷ್ ವೇಗ ಹಿಡಿಯದವರಿಗೆ ವೇಗವನ್ನು 0.8ಕ್ಕೆ ಇಳಿಸಿ ಕೊಡಿ. ಐಫೋನ್ ಇರುವವರು ಆ್ಯಪಲ್‌ನ ಆ್ಯಪ್‌ನಲ್ಲಿ ಎಷ್ಟೋ ಇಂಗ್ಲಿಷ್ ಕಂತುಗಳ ಮಾತನ್ನು ಓದುತ್ತಲೂ ಕೇಳಬಹುದು.

ಕನ್ನಡದಲ್ಲಿ ನಮಗೆ ಬೇಕಾದದ್ದು ಇಲ್ಲ ಅಂತ ಆಮೇಲೂ ಅನ್ನಿಸಿದರೆ, ನೀವೇ ಮಾಡಿ. ತಮಾಷೆಗೆ ಹೇಳುತ್ತಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2001ರಲ್ಲಿ 'ನಮ್ಮ ಧ್ವನಿ' ಶುರುವಾದಾಗ ಸಮುದಾಯ ರೇಡಿಯೊಗೆ ಪರವಾನಗಿಯೇ ಸಿಗುತ್ತಿರಲಿಲ್ಲ. ಕೇಬಲ್ ಎಳೆದು ಮನೆಮನೆಗೆ ದನಿ ಮುಟ್ಟಿಸಿದರು, ಕಾರ್ಯಕ್ರಮ ಮಾಡಿದವರಲ್ಲಿ ಸ್ವಸಹಾಯ ಸಂಘದ ಹೆಂಗಸರಿದ್ದರು. ನಮ್ಮ ಬೀದರಿನ ಗಡಿಯಾಚೆ, ತೆಲಂಗಾಣದ ಮಾಚನೂರಿನಲ್ಲಿ 2008ರಿಂದ ದಲಿತ ಹೆಂಗಸರು 'ಸಂಘಂ ರೇಡಿಯೊ' ನಡೆಸುತ್ತಿದ್ದಾರೆ. ಬಿತ್ತನೆ ಬೀಜ, ಸಿರಿಧಾನ್ಯ, ಹಬ್ಬದ ಹಾಡು, ಎಲ್ಲ ಅವರದೇ ದನಿಯಲ್ಲಿ. ನಿಮ್ಮ ಕೈಯಲ್ಲಿ ಅವರ ಬಳಿ ಆಗ ಇದ್ದದ್ದಕ್ಕಿಂತ ಒಳ್ಳೆಯ ರೆಕಾರ್ಡರ್ ಇದೆ, ಫೋನು.

ಟೀಚರಮ್ಮನಿಂದಲೇ ಶುರು ಮಾಡಬಹುದು. ಮೊದಲ ಸಲ ಕೆಲಸಕ್ಕೆ ಸೇರಿದ ಊರು ಯಾವುದು, ಬಸ್ ಎಲ್ಲಿಯವರೆಗೆ ಬರುತ್ತಿತ್ತು, ಸಂಬಳ ಯಾರ ಕೈಗೆ ಹೋಗುತ್ತಿತ್ತು ಅಂತ ಯಾರಾದರೂ ಒಬ್ಬರು ಕೇಳಲಿ, ಉಳಿದವರು ಸುಮ್ಮನಿರಲಿ. ಫ್ಯಾನ್ ಆಫ್ ಮಾಡಿ. ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಮಡಚಿದ ಟವೆಲ್ ಮೇಲೆ ಅವರ ಬಾಯಿಗೆ ಒಂದು ಗೇಣು ದೂರದಲ್ಲಿ ಇಡಿ. ಇಪ್ಪತ್ತು ನಿಮಿಷ ಸಾಕು. ಮುಗಿದ ಮೇಲೆ ಅವರಿಗೇ ಮೊದಲು ಕೇಳಿಸಿ. ಬೇಡ ಅಂದ ಭಾಗವನ್ನು ಅವರ ಎದುರೇ ಅಳಿಸಿ. ಅವರು ಹೂಂ ಅನ್ನುವವರೆಗೆ ಅದನ್ನು ಯಾವ ಗುಂಪಿಗೂ ಕಳಿಸಬೇಡಿ.